ತಲೆ ಮೇಲಿನ ಕ್ಯಾಮಿಗಾಗಿ ಮುನಿದ ಅಳಿಯ

ಎಂಜಿನ್ನಿನ ಕವಾಟವನ್ನು ತೆರೆದು ಮುಚ್ಚಿಸುವ ಕ್ಯಾಮು ತಲೆಯ ಮೇಲಿರಬೇಕೋ ಬುಡದಲ್ಲಿರಬೇಕೋ ಎಂಬುದು ಮನುಕುಲದ ಮುಂದಿರುವ ಅತಿ ಗಂಭೀರ ಪ್ರಶ್ನೆಗಳಲ್ಲೊಂದು. ಜೀವ, ಪರಮಾತ್ಮ ಒಂದೋ ಎರಡೋ ಎಂದು ಹೊಟ್ಟೆ ತುಂಬಿದವರು ಬಹುಕಾಲದಿಂದ ವಾದ ಮಾಡುತ್ತ ಬಂದಿದ್ದಾರೆ. ಈ ಕ್ಯಾಮಿನ ವಿಷಯದಲ್ಲಿ ಮಾತ್ರ ಒಬ್ಬಾತ ಹೊಟ್ಟೆ ಹಸಿದುಕೊಂಡು ವಾದಿಸಿದ. ಅದೂ ದೀಪಾವಳಿಯ ದಿನ, ಅದೂ ಹೊಳಗುಂದದಲ್ಲಿ, ಅದೂ ಗೋಡೆಯ ಕಡೆ ಮುಖ ಮಾಡಿಕೊಂಡು.

ಆತನ ಹೆಸರು ಉರುಕುಂದಪ್ಪ. ಆದೋನಿಯ ಹತ್ತಿ ಜಿನ್ನಿನಲ್ಲಿ ತೂಕದ ಗುಮಾಸ್ತ. ದೊಡ್ಡ ಯುದ್ಧ ಶುರುವಾಗುವ ಹಿಂದಿನ ವರ್ಷ ಬೇಸಿಗೆಯಲ್ಲಿ ಹೊಳಗುಂದದ ಕುರಿ ಸಾಹುಕಾರ ಜಂಬಪ್ಪನ ಮಗಳು ಗಾದಿಲಿಂಗಮ್ಮನನ್ನು ಮದುವೆಯಾಗಿದ್ದ. ಮೊದಲ ದೀಪಾವಳಿಗೆ ಬಂದ ಅಳಿಯ ಮುನಿಸಿಕೊಂಡು ಮಂಚ ಹಿಡಿಯುವುದು, ಮಾವ ಕೇಳಿದ್ದನ್ನು ಕೊಟ್ಟ ಮೇಲೆ ಎದ್ದು ಉಣ್ಣುವುದು ಆ ಮನೆತನಗಳ ಪದ್ಧತಿ. ಇದಕ್ಕೆ ತೆಲುಗರು ಅಲಕಪಾನ್ಪು ಎನ್ನುತ್ತಾರೆ, ಕನ್ನಡದವರು ಮುನಿಸು ಎನ್ನುತ್ತಾರೆ, ಮಾವಂದಿರು ಏನೆನ್ನುತ್ತಾರೆ ಎಂಬುದು ಅಚ್ಚು ಹಾಕಿಸುವಂಥದಲ್ಲ. ಮುನಿಸಿಗೂ ಕಟ್ಟಳೆಗಳಿವೆ. ಅಳಿಯ ಗೋಡೆಯ ಕಡೆ ತಿರುಗಿ ಮಲಗಬೇಕು. ಮಾವನೊಂದಿಗೆ ನೇರ ಮಾತಾಡಬಾರದು. ಹೇಳುವುದನ್ನೆಲ್ಲ ಹೆಂಡತಿಯ ಬಾಯಿಂದ ಹೇಳಿಸಬೇಕು. ಒಂದು ತುತ್ತು ಗಂಟಲಿಳಿಯಿತೋ, ಮುನಿಸು ಮುಗಿಯಿತು. ಅಷ್ಟು ಹೊತ್ತಿಗೆ ಕೈಗೆ ಸಿಕ್ಕಿದ್ದಷ್ಟೇ ಲಾಭ.

ಉರುಕುಂದಪ್ಪ ಮೊದಲೇ ಹೇಳಿ ಕಳಿಸಿದ್ದ, ತನಗೆ ಫಟ್‌ಫಟಿ ಬೇಕೆಂದು. ಜಂಬಪ್ಪನೂ ಧಾರಾಳಿ. ಬಳ್ಳಾರಿಯ ಡಾಕ್ಟರೊಬ್ಬರಿಗೆ ಕೊಬ್ಬಿದ ಟಗರುಗಳನ್ನು ಅಟ್ಟಿಕೊಟ್ಟು ಅವರ ಮೋಟರ್ ಸೈಕಲ್ ತಂದು, ಹಬ್ಬದ ಬೆಳಿಗ್ಗೆ ಎಣ್ಣೆನೀರು ಮುಗಿಸಿ ಬಂದ ಅಳಿಯನ ಮುಂದೆ ಅದರ ಮೇಲಿನ ಕಂಬಳಿ ಎಳೆದ. ದೀಪದ ಗಾಜಿಗೆ ಕುಂಕುಮ, ಹ್ಯಾಂಡಲಿಗೆ ಚೆಂಡುಹೂವಿನ ಹಾರ.

ಉರುಕುಂದಪ್ಪನ ಮುಖ ಅರಳಿತು. ಅರಳಿದ ಮುಖ ಬಗ್ಗಿ ಎಂಜಿನ್ನು ನೋಡಿತು. ಸಿಲಿಂಡರಿನ ಮಗ್ಗುಲಿಗೆ ಎರಡು ಸಪೂರ ಕೊಳವೆಗಳು ಬುಡದಿಂದ ತಲೆಯವರೆಗೆ, ಬಡಕಲು ಕರುವಿನ ಕಾಲುಗಳಂತೆ ನಿಂತಿದ್ದವು. ಆ ಕೊಳವೆಗಳೊಳಗೆ ಏನಿರುತ್ತದೆಂದು ಅವನಿಗೆ ಗೊತ್ತು. ಪುಶ್‌ರಾಡು. ಅಂದರೆ ಕ್ಯಾಮು ಕೆಳಗೆ ಕೂತು, ಉದ್ದನೆಯ ಸರಳಿನಿಂದ ಮೇಲಿನ ಕವಾಟವನ್ನು ತಿವಿದು ತೆರೆಸುವ ಏರ್ಪಾಡು.

ಅವನ ಮನಸ್ಸಿನಲ್ಲಿದ್ದದ್ದು ಬೇರೆ. ಆದೋನಿಯಲ್ಲಿ ರಸ್ತೆ ಕಂಟ್ರಾಕ್ಟರ್ ಆದೆಪ್ಪನವರ ಹತ್ತಿರ ಒಂದು ಗಾಡಿಯಿತ್ತು. ಅದರ ಕ್ಯಾಮು ತಲೆಯ ಮೇಲೆ, ಅಲ್ಯುಮಿನಿಯಮ್ ಡಬ್ಬಿಯೊಳಗೆ, ಕಿರೀಟದಡಿಯ ಜುಟ್ಟಿನಂತೆ ಕೂತಿತ್ತು. ಉರುಕುಂದಪ್ಪ ಆರು ತಿಂಗಳಿನಿಂದ ಅದನ್ನು ಒರೆಸುವ ನೆಪದಲ್ಲಿ ಅವರ ಅಂಗಳಕ್ಕೆ ಹೋಗಿ, ಓಡಿಸುವುದನ್ನೂ ಕಲಿತು, ಹೊಸ ಹೆಂಡತಿಯ ಮುಖಕ್ಕಿಂತ ಆ ಡಬ್ಬಿಯನ್ನು ಹೆಚ್ಚು ಸಲ ನೋಡಿದ್ದ. ಆದೆಪ್ಪನವರು ಅದನ್ನು ಕೊಡಲು ತಯಾರಿದ್ದರು. ಆದರೆ ಹಬ್ಬದ ಮರುದಿನ ಗುಂತಕಲ್ಲಿನ ರೈಲ್ವೆಯವರೊಬ್ಬರು ಬಂದು ಒಯ್ಯುವವರಿದ್ದರು. ಇವತ್ತು ತಪ್ಪಿದರೆ ತಪ್ಪಿತು.

"ಯಾಕ ಅಳಿಯಂದ್ರ? ಟೈರು ಹೊಸವ ಅದಾವ" ಎಂದ ಜಂಬಪ್ಪ.

ಅಳಿಯಂದಿರು ಒಳಗೆ ಹೋಗಿ ಪಡಸಾಲೆಯ ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದರು.

"ಕೊಡೋಕಿಂತ ಮೊದ್ಲ ಮುನಸ್ಕಂಬೋರನ್ನ ಕಂಡೀನಿ" ಎಂದು ಜಂಬಪ್ಪ ಹೆಂಡತಿ ಬಸವಕ್ಕನಿಗೆ ಹೇಳಿದ. "ಕೊಟ್ಟ ಮ್ಯಾಲ ಮುನಸ್ಕಂಡೋನು ಇವನೊಬ್ಬನ."

ಗಾದಿಲಿಂಗಮ್ಮ ಮೊರದ ತುಂಬ ಅಕ್ಕಿ ಹಾಕಿಕೊಂಡು ಹೊಸ್ತಿಲ ಮೇಲೆ ಕೂತಳು. ಅತ್ತ ಗಂಡ, ಇತ್ತ ಅಪ್ಪ. ಕಲ್ಲು ಆರಿಸುವುದೂ ಆಯಿತು, ಮಾತು ದಾಟಿಸುವುದೂ ಆಯಿತು.

"ಕ್ಯಾಮು ಬುಡಕ ಐತಂತ" ಎಂದಳು.

"ಏನೈತಂತ?"

"ಕ್ಯಾಮು. ಬುಡಕ ಐತಂತ. ಆದೋನಿ ಕಂಟ್ರಾಕ್ಟರ ಗಾಡಿಯಂಗ ತಲಿ ಮ್ಯಾಗ ಇರಬೇಕಂತ."

"ನನ್ನ ತಲಿ ಮ್ಯಾಗ ನೀನ ಕುಂತೀದಿ, ಅದು ಸಾಲದೇನು ಅಂತ ಕೇಳು."

ಉರುಕುಂದಪ್ಪ ಗೋಡೆಗೆ ವಿವರಿಸತೊಡಗಿದ. ಉದ್ದ ಸರಳಿದ್ದರೆ ಅದಕ್ಕೊಂದು ಭಾರ, ಭಾರವಿದ್ದರೆ ತಡ. ಎಂಜಿನ್ನು ನಿಧಾನಕ್ಕೆ ಸುತ್ತುವಾಗ ನಡೆದೀತು, ಜೋರು ಸುತ್ತಿದಾಗ ಸರಳು ಬಳುಕಿ ಕವಾಟ ಹೊತ್ತಿಗೆ ಸರಿಯಾಗಿ ಮುಚ್ಚುವುದಿಲ್ಲ. ಕ್ಯಾಮು ಮೇಲೇ ಇದ್ದರೆ ನಡುವೆ ದಲ್ಲಾಳಿಗಳಿಲ್ಲ. ಅದಕ್ಕೇ ಪಂದ್ಯದ ಗಾಡಿಗಳೆಲ್ಲ ಹಾಗೆ. ಗೋಡೆ ಗಮನವಿಟ್ಟು ಕೇಳಿತು. ಗಾದಿಲಿಂಗಮ್ಮ ಒಂದು ಕಲ್ಲು ಆರಿಸಿ ಅಂಗಳಕ್ಕೆಸೆದು ಅಪ್ಪನಿಗೆ ಹೇಳಿದಳು:

"ಬ್ಯಾಡಂತ."

ಅಷ್ಟು ಹೊತ್ತಿಗೆ ಪಕ್ಕದ ಮನೆಯ ಪಕೀರಮ್ಮ ಜರಡಿ ಕೇಳಲು ಬಂದವಳು ಜರಡಿ ಕೊಟ್ಟರೂ ಹೋಗದೆ ನಿಂತಳು. ಈಕೆಗೆ ಬಸವಕ್ಕನೊಂದಿಗೆ ಮಾತು ಬಿಟ್ಟು ಎರಡು ವರ್ಷ; ಆದರೂ ದಿನಾ ಬಂದು ಮಾತಾಡುತ್ತಿದ್ದಳು.

"ಅದೇಮಿ ಬಸವಕ್ಕ, ಅಳಿಯಗ ಏನು ಕಡಿಮಿ ಮಾಡೀರಿ?"

"ಕಡಿಮಿ ಮಾಡಿಲ್ಲ. ಮ್ಯಾಲಿರೋದು ಕೆಳಗ ಇಟ್ಟೀವಂತ."

ಅತ್ತೆಗಾದರೂ ಅರ್ಥವಾಗಲಿ ಎಂದು ಉರುಕುಂದಪ್ಪ ಗೋಡೆಗೇ ಹೇಳುತ್ತ ಬೇರೆ ದಾರಿ ಹಿಡಿದ. ಆ ಕಡೆಯ ಮನೆಗಳಿಗೆ ಮಣ್ಣಿನ ಚಪ್ಪಟೆ ಮಾಳಿಗೆ. ಅಡಿಗೆಮನೆಯ ಮೇಲೆ ಹೊಗೆ ಹೋಗಲು, ಬೆಳಕು ಬೀಳಲು ಒಂದು ಬೆಳಕಿಂಡಿ ಬಿಟ್ಟು, ಅದಕ್ಕೆ ತಗಡಿನ ಮುಚ್ಚಳ ಹಾಕಿರುತ್ತಾರೆ. ಬಸವಕ್ಕ ಒಲೆಯ ಪಕ್ಕ ನಿಂತು ಬಿದಿರುಕೋಲಿನಿಂದ ಅದನ್ನು ಎತ್ತುತ್ತಿದ್ದಳು.

"ಅತ್ತಿಯೋರು ಕೋಲಿಲೆ ಮುಚ್ಚಳ ಎತ್ತತಾರಲ್ಲ, ಅದು ಪುಶ್‌ರಾಡು" ಎಂದ. "ಯಾರಾದ್ರೂ ಮಾಳಿಗಿ ಮ್ಯಾಗ ಕುಂತು ಕೈಲೆ ತೆಗದ್ರ, ಅದು ಓವರ್‌ಹೆಡ್ಡು."

ಇದನ್ನು ಮಾತ್ರ ಗಾದಿಲಿಂಗಮ್ಮ ಒಂದಕ್ಷರ ಬಿಡದೆ ದಾಟಿಸಿದಳು. ತಾಯಿಯ ವಿಷಯ ನೋಡಿ.

ಬಸವಕ್ಕ ಲಟ್ಟಣಿಗೆ ಕೆಳಗಿಟ್ಟಳು. "ಈ ಮನಿಗೆ ಬಂದಾಗಿಂದ ಎತ್ತೀನಿ. ಒಂದು ದಿನ ಹೊಗಿ ನಿಂತೈತೇನು, ಕೇಳು ನಿನ್ನ ಗಂಡನ್ನ."

"ಕಣ್ಣಾಗ ನೀರು ಬರಂಗ ಹೊಗಿ ನಿಂದ್ರತೈತಿ" ಎಂದಳು ಪಕೀರಮ್ಮ. "ನಾ ಮೆಣಸಿನಕಾಯಿ ಒಣಗಿಸಾಕ ಮ್ಯಾಲ ಏರಿದಾಗ ಕಂಡೀನಿ. ಕೆಳಗಿನೋರಿಗೆ ಮ್ಯಾಲಿಂದು ಏನು ತಿಳೀತೈತಿ? ಅಳಿಯ ಖರೆ ಹೇಳ್ಯಾನ."

"ಮ್ಯಾಲ ಕುಂದ್ರಾಕಿಗೆ ನಿಚ್ಚಣಿಕಿ ಯಾರು ಇಡಬೇಕು? ಹೊತ್ತು ಹೊತ್ತಿಗೆ ನೀರು, ರೊಟ್ಟಿ ಯಾರು ಏರಿಸಬೇಕು? ಬಿದ್ರ ಯಾರು ಎತ್ತಬೇಕು?"

"ಅದು ಖರೆ" ಎಂದು ಗೋಡೆಯ ಕಡೆಯಿಂದ ಸಣ್ಣ ದನಿ ಬಂತು. "ಕೆಳಗಿಂದ ಮ್ಯಾಲಕ ಒಂದು ತಿರುಗೋ ಶಾಫ್ಟು ಬೇಕು. ಖರ್ಚು ಜಾಸ್ತಿ." ಇದನ್ನು ಗಾದಿಲಿಂಗಮ್ಮ ದಾಟಿಸಲಿಲ್ಲ. ಗಂಡನ ಪರವಾಗಿ ಅವಳು ಮಾಡಿದ ಮೊದಲ ಉಪಕಾರ ಅದು.

ಜಂಬಪ್ಪನಿಗೆ ತನ್ನ ಬುದ್ಧಿ ಸಾಲದೆನಿಸಿ ಎತ್ತಿನ ದಲ್ಲಾಳಿ ಉಚ್ಚೀರಪ್ಪನಿಗೆ ಹೇಳಿ ಕಳಿಸಿದ. ಸಂತೆಯಲ್ಲಿ ಈತ ಬಾಲ ಮುಟ್ಟಿದನೆಂದರೆ ಎತ್ತಿನ ಮೂರು ತಲೆಮಾರು ಹೇಳುತ್ತಾನೆಂದು ಹೆಸರು. ಬಂದವನು ಫಟ್‌ಫಟಿಯ ಸುತ್ತ ಎರಡು ಸಲ ತಿರುಗಿ, ಪೆಟ್ರೋಲ್ ಟಾಕಿಯ ಮೇಲೆ ಕೈಯಾಡಿಸಿ ಸುಳಿ ಹುಡುಕಿದ. ಸುಳಿ ಇರಲಿಲ್ಲ. ಹೊಗೆಕೊಳವೆಗೆ ಬೆರಳು ಹಾಕಿ ತೆಗೆದು ಮೂಸಿದ.

"ಹಲ್ಲು ಎಲ್ಲದಾವ?"

ಜಂಬಪ್ಪ ಚೈನು ಸುತ್ತುವ ಚಕ್ರ ತೋರಿಸಿದ.

"ಹಲ್ಲು ಮಜಬೂತ್ ಅದಾವ. ವಯಸ್ಸಿಂದ. ಕಾಲು ಎರಡ, ಅದೊಂದು ಕೊರತಿ." ಉಚ್ಚೀರಪ್ಪ ಎದ್ದು ಕೈ ಒರೆಸಿಕೊಂಡ. "ಬುಡ ಭಾರ ಇದ್ದದ್ದು ಚೊಲೊ ಜಂಬಣ್ಣ. ತಲಿ ಭಾರದ್ದು ತಿರುವಿನ್ಯಾಗ ವಾಲತೈತಿ. ಆದ್ರ ಮಾತಿಲೆ ಎತ್ತು ಕೊಂಡೋರು ಯಾರದಾರ? ಕಟ್ಟಿ ನೋಡಬೇಕು. ಕೋಲು ಹೆಚ್ಚೊ ಕೈ ಹೆಚ್ಚೊ, ಕಟ್ಟಿ ನೋಡ್ರಿ."

ಯಾವುದನ್ನು ಯಾವುದಕ್ಕೆ ಕಟ್ಟಬೇಕೆಂದು ಯಾರೂ ಕೇಳಲಿಲ್ಲ. ಕೇಳುವಷ್ಟು ವ್ಯವಧಾನ ಪಕೀರಮ್ಮನಿಗಿರಲಿಲ್ಲ. ಆಕೆ ಆಗಲೇ ಸೆರಗು ಸಿಕ್ಕಿಸಿ ನಿಚ್ಚಣಿಕೆ ಏರುತ್ತಿದ್ದಳು. ಬಸವಕ್ಕ ಕೋಲು ಹಿಡಿದು ಒಲೆಯ ಪಕ್ಕ ನಿಂತಳು. ಒಲೆಯ ಮೇಲೆ ಕರ್ಜಿಕಾಯಿಯ ಬಾಣಲೆ ಕಾಯುತ್ತಿತ್ತು. ಉಚ್ಚೀರಪ್ಪ ಎಲ್ಲಿಂದಲೋ ತಮಟೆಯಂಥ ಹಲಗೆ ತರಿಸಿ ಕೊರಳಿಗೆ ಹಾಕಿಕೊಂಡ. ಒಂದು ಏಟಿಗೆ ಮುಚ್ಚಳ ತೆರೆಯಬೇಕು, ಮುಂದಿನ ಏಟಿಗೆ ಮುಚ್ಚಬೇಕು, ತಪ್ಪಿದವರು ಸೋತಂತೆ. ಓಣಿಯ ಜನ ಅಂಗಳ ತುಂಬಿದರು. ಅಳಿಯನ ಮುನಿಸು ನೋಡಲು ಬಂದವರು ಅಳಿಯನನ್ನೇ ಮರೆತರು.

ಮೊದಲು ಕೋಲಿನ ಪಾಳಿ. ಹಲಗೆ ನಿಧಾನಕ್ಕೆ ಬಡಿಯುವವರೆಗೆ ಬಸವಕ್ಕನ ಕೆಲಸ ನೋಡುವಂತಿತ್ತು. ಒಲೆ ಬಿಟ್ಟು ಅಲುಗಲಿಲ್ಲ. ಎಡಗೈಯಲ್ಲಿ ಕರ್ಜಿಕಾಯಿ ತಿರುವುತ್ತ ಬಲಗೈಯಲ್ಲಿ ಮುಚ್ಚಳ ಎತ್ತಿಳಿಸಿದಳು.

"ನೋಡಿದಿಲ್ಲೊ" ಎಂದ ಜಂಬಪ್ಪ, ಮಗಳ ಕಡೆ ತಿರುಗಿ. "ನಿಂತಲ್ಲೇ ಎರಡು ಕೆಲಸ. ಹೇಳು ಅವನಿಗೆ."

"ಇನ್ನಷ್ಟು ಜೋರು ಬಡೀರಿ ಅಂತಾರ" ಎಂದಳು ಗಾದಿಲಿಂಗಮ್ಮ.

ಉಚ್ಚೀರಪ್ಪ ಜೋರು ಮಾಡಿದ. ಬಿದಿರು ಬಳುಕತೊಡಗಿತು. ಹಿಂದಿನ ಏಟಿಗೆ ಮೇಲೆ ಹೋದ ಮುಚ್ಚಳ ಕೆಳಗಿಳಿಯುವ ಮೊದಲೇ ಮುಂದಿನ ಏಟು ಬಂತು, ಅದರ ಹಿಂದೆ ಇನ್ನೊಂದು. ಮುಚ್ಚಳ ತೆರೆಯಲೂ ಇಲ್ಲ, ಮುಚ್ಚಲೂ ಇಲ್ಲ; ಕೋಲಿನ ತುದಿಯಲ್ಲಿ ಸಂದೇಹಕ್ಕೆ ಬಿದ್ದವರಂತೆ ನಡುಗುತ್ತ ನಿಂತಿತು.

"ಅದ, ಅದ. ವಾಲ್ವು ತೇಲೋದು ಅಂದ್ರ ಅದ" ಎಂದು ಉರುಕುಂದಪ್ಪ ಗೋಡೆಗೆ ಹೇಳಿದ. ಆರು ತಿಂಗಳು ಬಾಯಿಪಾಠ ಮಾಡಿದ್ದನ್ನು ಇವತ್ತು ಕಿವಿಯಾರೆ ಕೇಳಿದ ಸುಖ ಅವನದು. ತಿರುಗಿ ನೋಡುವಂತಿಲ್ಲ ಎಂಬುದಷ್ಟೇ ದುಃಖ. ಮರುಕ್ಷಣ ಕೋಲು ಜಾರಿ ತಗಡಿನ ಮುಚ್ಚಳ ಓರೆಯಾಗಿ ಬೆಳಕಿಂಡಿಯೊಳಗೆ ನುಸುಳಿ ನೆಟ್ಟಗೆ ಬಾಣಲೆಗೆ ಬಿತ್ತು. ಎಣ್ಣೆ ಒಲೆಯ ಪಾಲಾಯಿತು, ಕರ್ಜಿಕಾಯಿ ಬೂದಿಯ ಪಾಲಾಯಿತು. ಬಸವಕ್ಕ ಹಿಂದೆ ಸರಿದಿದ್ದರಿಂದ ಬಸವಕ್ಕನಾಗಿ ಉಳಿದಳು.

ಮುಚ್ಚಳ ಒರೆಸಿ ಮೇಲೆ ಕೊಟ್ಟರು. ಈಗ ಪಕೀರಮ್ಮನ ಪಾಳಿ. ಈಕೆ ನಿಜಕ್ಕೂ ಹುಟ್ಟಿದ್ದೇ ಇದಕ್ಕೆ ಎಂಬಂತೆ ಮುಚ್ಚಳವನ್ನು ತಾಳದ ಹಾಗೆ ಕುಟ್ಟಿದಳು. ಉಚ್ಚೀರಪ್ಪ ಜೋರು ಮಾಡಿದ, ಆಕೆಯೂ ಜೋರು ಮಾಡಿದಳು. ಅವನ ಕೈ ಸೋತಿತು, ಆಕೆಯ ಕೈ ಸೋಲಲಿಲ್ಲ. ಹಲಗೆ ನಿಂತ ಮೇಲೂ ಮುಚ್ಚಳ ನಾಲ್ಕು ಸಲ ಹೆಚ್ಚಿಗೆ ಬಡಿಯಿತು. ಜನ ಸಿಳ್ಳೆ ಹಾಕಿದರು. ಪಕೀರಮ್ಮ ಎದ್ದು ನಿಂತು, ಸೆರಗು ಬಿಚ್ಚಿ ಕೊಡವಿ, ಗೆದ್ದ ಗತ್ತಿನಲ್ಲಿ ನಾಲ್ಕು ಹೆಜ್ಜೆ ಪಡಸಾಲೆಯ ಮೇಲ್ಭಾಗಕ್ಕೆ ಬಂದಳು. ಅಲ್ಲಿಯ ಮಣ್ಣು ಹಿಂದಿನ ಮಳೆಗೆ ನೆಂದು ಸಡಿಲವಾಗಿತ್ತು.

ಮಂಚದ ಮೇಲೆ ದೊಡ್ಡದೊಂದು ಮಣ್ಣಿನ ಹೆಂಟೆ ಬಿತ್ತು. ಧೂಳು ಬಿತ್ತು. ಉರುಕುಂದಪ್ಪ ಕಟ್ಟಳೆ ಮುರಿಯಲಿಲ್ಲ; ಗೋಡೆಯನ್ನೇ ನೋಡುತ್ತ ಕೇಳಿದ.

"ಏನದು ಬಿದ್ದದ್ದು?"

"ಪಕೀರಮ್ಮತ್ತಿ" ಎಂದಳು ಗಾದಿಲಿಂಗಮ್ಮ ಮೇಲೆ ನೋಡುತ್ತ. "ಅರ್ಧ ಬಂದಾಳ."

ಎರಡು ಕಾಲುಗಳು, ಕಾಲ್ಗಡಗದ ಸಮೇತ, ಮಂಚದ ಮೇಲೆ ತೂಗುತ್ತಿದ್ದವು. ಮೇಲಿನ ಅರ್ಧ ಮಾಳಿಗೆಯಲ್ಲಿ ಸುಖವಾಗಿತ್ತು.

"ನಾ ಗೆದ್ದೆನೊ ಇಲ್ಲೊ, ಅದನ್ನ ಮೊದ್ಲ ಹೇಳ್ರಿ" ಎಂದಿತು ಅದು. "ಎತ್ತೋದು ಹಿಂದಾಗಡೆ ಎತ್ತೀರಂತ."

"ಗೆದ್ದಿ" ಎಂದ ಉಚ್ಚೀರಪ್ಪ. "ನಾನೂ ಗೆದ್ದೆ. ತಲಿ ಭಾರ ಅಂತ ಆಗಳ ಹೇಳಿರಲಿಲ್ಲೇನು?"

ಜಂಬಪ್ಪ ಬಾಣಲೆ ನೋಡಿದ. ಮಾಳಿಗೆ ನೋಡಿದ. ತೂಗುವ ಕಾಲು ನೋಡಿದ. ಮಂಚದ ಮೇಲಿನ ಬೆನ್ನು ನೋಡಿದ. ಆ ಬೆನ್ನು ಬೆಳಗಿನಿಂದ ಒಂದು ಅಂಗುಲ ಸರಿದಿರಲಿಲ್ಲ.

"ಸರಿಬಿಡು" ಎಂದ. "ಈತ ಇನ್ನೊಂದು ತಾಸು ಮಕ್ಕಂಡ್ರ ಮನಿ ನಿಂದ್ರಂಗಿಲ್ಲ. ಈ ಗಾಡಿ ಒಯ್ದು ಆ ಕಂಟ್ರಾಕ್ಟರಿಗೆ ಕೊಡಂತ ಹೇಳು. ಮ್ಯಾಲೆ ಎಷ್ಟು ಟಗರು ಕೇಳ್ತಾನೋ ಕೇಳಲಿ. ನನ್ನ ಕುರಿಹಿಂಡು ಆದೋನಿ ಹೊರಗ ಹೊಲದಾಗ ಗೊಬ್ಬರಕ್ಕ ತರುಬ್ಯಾರ, ಅಲ್ಲೇ ಹೊಡಕಂಡು ಹೋಗಲಿ. ತಲಿ ಮ್ಯಾಲಿಂದನ ತರಲಿ. ಒಟ್ಟ ಏಳು ಅನ್ನು."

ಹೆಂಡತಿ ದಾಟಿಸುವ ತನಕ ಉರುಕುಂದಪ್ಪ ಕಾಯಲಿಲ್ಲ. ಎದ್ದ, ಧೂಳು ಕೊಡವಿದ, ಉಂಡ. ಪಕೀರಮ್ಮನನ್ನು ಎಳೆಯುವುದಕ್ಕೂ ಕೈ ಹಚ್ಚಿದ. ಬಿಸಿಲು ಇಳಿಯುವ ಮೊದಲೇ ಹೆಂಡತಿಯನ್ನು ಹಿಂದೆ ಕೂಡಿಸಿಕೊಂಡು, ಆಕೆಯ ತೊಡೆಯ ಮೇಲೆ ಹೋಳಿಗೆಯ ಬುಟ್ಟಿ ಇಟ್ಟು ಹೊರಟ.

ದಾರಿಯಲ್ಲಿ ಪುಶ್‌ರಾಡಿನ ಗಾಡಿ ಅವನಿಗೆ ಅನ್ಯಾಯ ಮಾಡಿತು. ಎಲ್ಲೂ ಕೆಡಲಿಲ್ಲ. ಎರೆಮಣ್ಣಿನ ಬಂಡಿಜಾಡಿನಲ್ಲಿ, ಇಬ್ಬರನ್ನೂ ಬುಟ್ಟಿಯನ್ನೂ ಹೊತ್ತು, ಹಳ್ಳದ ಏರಿನಲ್ಲಿ ಒಂದು ಸಲವೂ ಏದುಸಿರು ಬಿಡದೆ, ತಿಂದು ಸುಖವಾಗಿರುವ ಎಮ್ಮೆಯಂತೆ ನಡೆಯಿತು.

"ಇದು ಚೊಲೊ ಹೋಗತೈತಲ್ರಿ" ಎಂದಳು ಗಾದಿಲಿಂಗಮ್ಮ.

"ಹೋಗತೈತಿ" ಎಂದ ಉರುಕುಂದಪ್ಪ. "ಆದ್ರ ಸರಿಯಾದ ರೀತಿಲೆ ಹೋಗಂಗಿಲ್ಲ."

ಆದೋನಿಯಲ್ಲಿ ಆದೆಪ್ಪನವರು ಎರಡು ಮಾತಿಲ್ಲದೆ ಒಪ್ಪಿದರು. ಗುಂತಕಲ್ಲಿನವರಿಗೆ ಇದನ್ನೇ ದಾಟಿಸುತ್ತೇನೆಂದರು, ಟಗರು ತರಲು ಆಳು ಅಟ್ಟಿದರು, ಆಮೇಲೆ ಅಕ್ಕರೆಯಿಂದ ಒಂದು ಮಾತು ಹೇಳಿದರು: "ಅದರ ತಲಿ ಬಿಚ್ಚಬ್ಯಾಡ ನೋಡಪಾ. ಬಿ‌ಚ್ಚಿದ್ರ ಕ್ಯಾಮಿನ ಟೈಮಿಂಗ್ ತಪ್ಪತೈತಿ. ಮತ್ತ ಕೂಡಿಸೋನು ಮದ್ರಾಸಿಂದ ಬರಬೇಕು. ಕೆಳಗ ಕ್ಯಾಮು ಇದ್ದದ್ದಕ್ಕ ಆ ತಾಪತ್ರಯ ಇಲ್ಲ." ಉರುಕುಂದಪ್ಪ ಅದನ್ನು ತಲೆಗೆ ಹಾಕಿಕೊಳ್ಳಲಿಲ್ಲ. ಅವನು ಆಗಲೇ ಕಿಕ್ ಹೊಡೆದಿದ್ದ.

ಬಜಾರಿನಲ್ಲಿ ದೀಪ ಹಚ್ಚುವ ಹೊತ್ತು. ತಲೆ ಮೇಲಿನ ಕ್ಯಾಮು ಹೊಲಿಗೆ ಮಷಿನಿನ ಹಾಗೆ ನುಣ್ಣಗೆ ಸದ್ದು ಮಾಡುತ್ತ ಹೋಗುವಾಗ ಅರಳೆ ವ್ಯಾಪಾರಿಗಳು ತಕ್ಕಡಿ ಬಿಟ್ಟು ನೋಡಿದರು. ಉರುಕುಂದಪ್ಪ ಬೇಕೆಂದೇ ಎರಡು ಓಣಿ ಹೆಚ್ಚಿಗೆ ಸುತ್ತಿ ಮನೆಯ ಮುಂದೆ ನಿಲ್ಲಿಸಿದ. ಎಂಜಿನ್ನು ಆರಿಸಲಿಲ್ಲ, ತಾಯಿ ಬಂದು ಕೇಳಲಿ ಎಂದು ಬಿಟ್ಟ.

ತಾಯಿ ಭೀಮಕ್ಕ ಬಂದಳು. ಆರತಿ ತಟ್ಟೆ ಇರಲಿಲ್ಲ. ಮುಖ ಇಳಿದಿತ್ತು.

"ಬಂದೆಪ್ಪ? ಜರಾ ಒಳಗ ಬಂದು ನೋಡು. ಮುಂಜಾನಿಂದ ಒಂದು ಗುಟುಕು ನೀರು ಮುಟ್ಟಿಲ್ಲ."

"ಯಾರು?"

"ಯಾರೇನು? ನಮ್ಮ ಅಳಿಯ."

ಅಡಿಗೆಯವರು ಒಂದೇ ಸಲಕ್ಕೆ ಆಗಲೆಂದು ಉರುಕುಂದಪ್ಪನ ಮದುವೆಯ ಚಪ್ಪರದಲ್ಲೇ ಅವನ ತಂಗಿ ಜಯಕ್ಕನ ಮದುವೆಯನ್ನೂ ಎಮ್ಮಿಗನೂರಿನ ಮಗ್ಗದ ಮನೆಯ ಮಾರೆಪ್ಪನೊಂದಿಗೆ ಮಾಡಿ ಮುಗಿಸಿದ್ದರು. ಆ ಲೆಕ್ಕಕ್ಕೆ ಮಾರೆಪ್ಪನಿಗೂ ಇದು ಮೊದಲ ದೀಪಾವಳಿ. ಇನ್ನೊಬ್ಬರ ಮನೆಯಲ್ಲಿ ಮುನಿಸಿಕೊಳ್ಳುವ ಗಡಿಬಿಡಿಯಲ್ಲಿ ಉರುಕುಂದಪ್ಪನಿಗೆ ತನ್ನ ಮನೆಯಲ್ಲಿ ಇನ್ನೊಬ್ಬ ಮುನಿಸಿಕೊಂಡಾನು ಎಂಬುದು ಹೊಳೆದಿರಲಿಲ್ಲ.

ಮಂಚದ ಮೇಲೆ ಮಾರೆಪ್ಪ ಗೋಡೆಯ ಕಡೆ ತಿರುಗಿ ಮಲಗಿದ್ದ. ಹೊಸ್ತಿಲ ಮೇಲೆ ಜಯಕ್ಕ ಕೂತಿದ್ದಳು.

"ಏನು ಬೇಕಪ್ಪ ಅಂದ್ರ ಹೇಳವಲ್ಲ" ಎಂದಳು ಭೀಮಕ್ಕ. "ಉಂಗುರ ಅಂದೆ, ತಲಿ ಅಲ್ಲಾಡಿಸಿದ. ಗಡಿಯಾರ ಅಂದೆ, ಅದಕ್ಕೂ. ಸೈಕಲ್ ಅಂದೆ, ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ."

ನಿಜವೇನೆಂದರೆ ಮಾರೆಪ್ಪನಿಗೆ ಏನು ಕೇಳಬೇಕೆಂಬುದೇ ತೋಚಿರಲಿಲ್ಲ. ಪದ್ಧತಿಯೆಂದು ಮಲಗಿದ್ದ, ಬೆಳಗಿನಿಂದ ಗೋಡೆ ನೋಡಿ ನೋಡಿ ಯೋಚಿಸುತ್ತಿದ್ದ. ಈಗ ಅಂಗಳದ ಸದ್ದಿಗೆ ಅವನ ಕಿವಿ ನಿಮಿರಿತು. ಬೆಳಗಿನಿಂದ ಮೊದಲ ಸಲ ತಲೆದಿಂಬಿನಿಂದ ತಲೆ ಎತ್ತಿದ. ಹೆಂಡತಿಗೆ ಏನೋ ಪಿಸುಗುಟ್ಟಿದ.

"ಅದು ಬೇಕಂತ" ಎಂದಳು ಜಯಕ್ಕ.

"ಯಾವುದು?"

"ಹೊರಗ ಸಪ್ಪಳ ಮಾಡಾಕ ಹತ್ತೈತಲ್ಲಣ್ಣ, ಅದು."

ಉರುಕುಂದಪ್ಪ ಗೋಡೆ ಹಿಡಿದು ನಿಂತ. ಆಮೇಲೆ ಅವನ ಬಾಯಿಂದ ಬಂದ ಮಾತು ಕೇಳಿ ಗಾದಿಲಿಂಗಮ್ಮ ಬುಟ್ಟಿ ಕೆಳಗಿಟ್ಟಳು.

"ಅದರ ಕ್ಯಾಮು ತಲಿ ಮ್ಯಾಗ ಐತಿ ತಂಗಿ. ಒಳ್ಳೇದಲ್ಲ ಅದು. ತಲಿ ಬಿಚ್ಚಿದ್ರ ಮದ್ರಾಸಿನೋರು ಬರಬೇಕು. ತಲಿ ಭಾರದ್ದು ತಿರುವಿನ್ಯಾಗ ಬೀಳತೈತಿ. ಮಗ್ಗದ ಮನಿಗೆ ಬುಡದಾಗ ಕ್ಯಾಮು ಇದ್ದದ್ದ ಮಜಬೂತು. ಎರೆಹೊಲದಾಗ ಎಮ್ಮಿ ಹಂಗ ಎಳೀತೈತಿ, ನಾನ ಕಂಡೀನಿ. ಅಂಥದ್ದು ಒಂದು ಹುಡುಕಿ ಕೊಡ್ತೀನಂತ ಹೇಳು."

ಜಯಕ್ಕ ಬಗ್ಗಿ ಹೇಳಿದಳು. ಬಗ್ಗಿ ಕೇಳಿಕೊಂಡಳು.

"ಕ್ಯಾಮು ಅಂದ್ರೇನಂತ ಕೇಳ್ತಾರ. ಹಾರನ್ನು ಐತಿಲ್ಲೋ ಅಂತ ಕೇಳ್ತಾರ."

"ಹಾರನ್ನು ಐತಿ" ಎಂದಳು ಭೀಮಕ್ಕ. "ನಾ ಕಂಡೀನಿ. ರಬ್ಬರಿಂದು, ದೊಡ್ಡದೈತಿ." ಮಗನ ಕಡೆ ತಿರುಗಿ ದನಿ ತಗ್ಗಿಸಿದಳು. "ಹಬ್ಬದ ದಿನ ಅಳಿಯ ಉಪಾಸ ಮಲಗಿದ್ರ ಓಣ್ಯಾಗ ಮುಖ ಎತ್ತಾಕಾಗತೈತೇನಪ್ಪ? ನಿಮ್ಮ ಮಾವ ನಿನ್ನ ಉಪಾಸ ಇಟ್ಟನೇನು?"

ಉರುಕುಂದಪ್ಪ ಗೋಡೆಯ ಕಡೆ ತಿರುಗಿ ನಿಂತ. ಬೆಳಗಿನಿಂದ ಗೋಡೆಯ ಕಡೆ ತಿರುಗಿದ ಗಂಡನ ಪರವಾಗಿ ಮಾತಾಡಿ ಗಾದಿಲಿಂಗಮ್ಮನಿಗೆ ಅದು ರೂಢಿಯಾಗಿಬಿಟ್ಟಿತ್ತು.

"ಕೊಡ್ತಾರಂತ್ರಿ, ಅತ್ತಿ" ಎಂದಳು.

ಮಾರೆಪ್ಪ ಎದ್ದು, ಹೊಳಗುಂದದ ಬುಟ್ಟಿಯೊಳಗಿನ ಹೋಳಿಗೆಗಳನ್ನು ತಿಂದ. ಉರುಕುಂದಪ್ಪ ಬಹಳ ಹೊತ್ತು ಗೋಡೆ ನೋಡುತ್ತ ನಿಂತಿದ್ದ. ಅವನಿಗೇನು ಬೇಕೆಂದು ಯಾರೂ ಬಂದು ಕೇಳಲಿಲ್ಲ. ಅದು ಅವನ ಸ್ವಂತ ಮನೆ.

ಮಾರೆಪ್ಪನಿಗೆ ಫಟ್‌ಫಟಿ ಓಡಿಸಲು ಬರುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಅದನ್ನು ಎತ್ತಿನ ಬಂಡಿಯ ಮೇಲೆ ಏರಿಸಿ ಹಗ್ಗ ಬಿಗಿದು, ತಾನು ಅದರ ಮೇಲೆ ಕೂತು, ಹಾರನ್ನು ಒತ್ತುತ್ತ ಎಮ್ಮಿಗನೂರಿಗೆ ಹೊರಟ. ಹತ್ತಿ ಜಿನ್ನೂ ಅದೇ ದಾರಿಯಲ್ಲಿತ್ತು. ಉರುಕುಂದಪ್ಪ ಬಂಡಿಯ ಹಿಂದೆ ನಡೆದುಕೊಂಡು ಕೆಲಸಕ್ಕೆ ಹೋದ.